ಸಂಜೆಯ ಬಿಳುಪು

ಜನವರಿ ೮

ಎರಡೂ ಕಣ್ಣಿಗೆ ಪೊರೆ ಬಂದಿದೆಯಂತೆ. ಕಣ್ಣಿನ ಡಾಕ್ಟರು ಮಾತು ಕಡಿಮೆಯ ಹೆಂಗಸು. ನನ್ನ ಗಲ್ಲವನ್ನು ಯಂತ್ರದ ಮೇಲೆ ಇಡಿಸಿ, ಒಳಗೆ ಬೆಳಕು ಬಿಟ್ಟು ನೋಡಿ, ಹಣ್ಣಿನ ಅಂಗಡಿಯವರ ಧಾಟಿಯಲ್ಲಿ "ಚೆನ್ನಾಗಿ ಮಾಗಿದೆ" ಎಂದರು. ಬಲಗಣ್ಣು ಮೊದಲು, ಒಂದು ತಿಂಗಳು ಕಳೆದ ಮೇಲೆ ಎಡಗಣ್ಣು. ನನಗೆ ಕಾಣಿಸುತ್ತಿದೆಯಲ್ಲ ಎಂದೆ.

"ಕಾಣಿಸ್ತಿದೆ ಅಂತ ನಿಮಗೆ ಅನ್ಸುತ್ತೆ" ಎಂದರು.

ಆ ಮಾತು ಹಿಡಿಸಲಿಲ್ಲ. ವಸ್ತುಸಂಗ್ರಹಾಲಯದ ಚಿತ್ರವಿಭಾಗದಲ್ಲಿ ಒಂದು ಆಯುಷ್ಯ ಕಳೆದವಳು ನಾನು. ಅಂಗೈಯಗಲದ ಕಾಗದದಲ್ಲಿ ಹುಬ್ಬಿನ ಒಂದೊಂದು ಎಳೆ ನೋಡಿ, ಇದು ಅಪ್ಪ ಬರೆದದ್ದು, ಇದು ಮಗ ಬರೆದದ್ದು ಎಂದು ಬೇರ್ಪಡಿಸಿದವಳು. ನನಗೆ ಹೇಳುವ ಮಾತೇ ಇದು?

ನನ್ನ ಪುಸ್ತಕದ ಪ್ರೂಫು ಮೇಜಿನ ಮೇಲಿದೆ. ಶಸ್ತ್ರಚಿಕಿತ್ಸೆಯಾದ ಮೇಲೆ ಹತ್ತು ದಿನ ಬಗ್ಗುವಂತಿಲ್ಲ, ಭಾರ ಎತ್ತುವಂತಿಲ್ಲ, ತಲೆಗೆ ನೀರು ಹಾಕಿಕೊಳ್ಳುವಂತಿಲ್ಲ. ದಿನಕ್ಕೆ ಹಲವು ಬಾರಿ ಕಣ್ಣಿಗೆ ಹನಿ ಬಿಡಲು ಇನ್ನೊಬ್ಬರ ಕೈ ಬೇಕು. ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದರು. ನಾನಿದ್ದೇನೆ ಎಂದೆ.

ಜನವರಿ ೧೪

ಪುಟ್ಟಿ ಬಂದಳು. ಕರೆದದ್ದು ನಾನಲ್ಲ. ದೊಡ್ಡಮ್ಮನ ಮಗಳಿಗೆ ಫೋನಿನಲ್ಲಿ ಬಾಯಿತಪ್ಪಿ ಹೇಳಿದ್ದೆ. ಸುದ್ದಿ ಸಂಜೆಯೊಳಗೆ ಅವಳ ಕಿವಿ ಮುಟ್ಟಿತು.

ನನ್ನ ತಂಗಿಗೆ ಅರವತ್ತು ದಾಟಿದೆ. ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತಳಾದವಳು, ಹೋದ ವರ್ಷ ಗಂಡನನ್ನು ಕಳೆದುಕೊಂಡವಳು. ಆದರೂ ಮನೆಯವರ ಬಾಯಲ್ಲಿ ಅವಳು ಪುಟ್ಟಿಯೇ. ಇದೇ ಊರಿನ ಇನ್ನೊಂದು ತುದಿಯಲ್ಲಿ ಅವಳ ಮನೆ. ನಾವು ಭೇಟಿಯಾಗುವುದು ಮದುವೆಮನೆಗಳಲ್ಲಿ, ಸಾವಿನಮನೆಗಳಲ್ಲಿ.

ಎರಡು ಚೀಲ, ಒಂದು ರೇಡಿಯೋ, ತನ್ನದೇ ದಿಂಬು. ನನ್ನ ದಿಂಬುಗಳು ಕಲ್ಲಂತೆ. ಚಿಕ್ಕ ಕೋಣೆಯ ತುಂಬ ನನ್ನ ಸ್ಲೈಡುಗಳ ಪೆಟ್ಟಿಗೆಗಳಿವೆ. ಅವುಗಳನ್ನು ಗೋಡೆಗೆ ಒತ್ತರಿಸಿ ನೆಲದ ಮೇಲೆ ಹಾಸಿಗೆ ಹಾಸಿಕೊಂಡಳು. ನಾನು ಅಂಗಡಿಯಿಂದ ಹಾಲು ತರುವಷ್ಟರಲ್ಲಿ ಅಡುಗೆಮನೆಯ ಲೋಟಗಳೆಲ್ಲ ಬೋರಲು ಬಿದ್ದಿದ್ದವು. ಹಾಗಿಟ್ಟರೆ ದೂಳು ಕೂರುವುದಿಲ್ಲವಂತೆ. ಇಷ್ಟು ವರ್ಷ ನಾನು ದೂಳು ಕುಡಿದು ಬದುಕಿದ್ದೇನೆ ಎಂದಾಯಿತು.

ಹತ್ತು ದಿನ ತಾನೇ. ಹತ್ತು ದಿನ ಯಾರನ್ನಾದರೂ ಸಹಿಸಬಹುದು.

ಜನವರಿ ೧೭

ಬೆಳಗಿನಿಂದ ಐದನೆಯ ಅಧ್ಯಾಯದ ಪ್ರೂಫು. ಪುಟ್ಟಿ ಪಕ್ಕದಲ್ಲಿ ಕೂತು ಪತ್ರಿಕೆಯ ಪದಬಂಧ ಬಿಡಿಸುತ್ತ, ನಡುನಡುವೆ ಗುನುಗುತ್ತ, ಇದು ಯಾರ ಕಥೆ ಎಂದು ಕೇಳಿದಳು. ಹೇಳದೆ ಬಿಡುವವಳಲ್ಲವೆಂದು ಹೇಳಿದೆ.

ನನ್ನ ಚಿತ್ರಕಾರನಿಗೆ ಹೆಸರಿಲ್ಲ. ಇನ್ನೂರು ಚಿಲ್ಲರೆ ವರ್ಷಗಳ ಹಿಂದೆ ಬೆಟ್ಟದ ಮೇಲಿನ ಒಂದು ಪುಟ್ಟ ಆಸ್ಥಾನದಲ್ಲಿ ಕೆಲಸ ಮಾಡಿದವನು. ಎಲ್ಲಿಯೂ ಸಹಿ ಹಾಕಿಲ್ಲ. ಆದರೆ ಬೇಟೆಯಿರಲಿ, ದರ್ಬಾರಿರಲಿ, ಅವನ ಪ್ರತಿ ಚಿತ್ರದ ಒಂದು ಮೂಲೆಯಲ್ಲಿ ಕೊಕ್ಕರೆಗಳಿರುತ್ತವೆ. ಹಾಗಾಗಿ ಅವನನ್ನು ನಾವು ಕೊಕ್ಕರೆಯವನು ಎನ್ನುತ್ತೇವೆ. ಅವನ ಯೌವನದ ಚಿತ್ರಗಳು ದೂರದ ಇನ್ನೊಂದು ಊರಿನ ಸಂಗ್ರಹಾಲಯದಲ್ಲಿವೆ. ಮೂವತ್ತೈದರ ಪ್ರಾಯದಲ್ಲಿ ಅಲ್ಲಿಗೆ ಹೋಗಿ ಇಡೀ ಬೇಸಿಗೆ ಅವುಗಳ ಮುಂದೆ ಕೂತಿದ್ದೆ. ಮುಪ್ಪಿನ ಚಿತ್ರಗಳನ್ನು ಒಂದು ಮನೆತನದವರು ನಮ್ಮ ಸಂಗ್ರಹಾಲಯಕ್ಕೆ ಕೊಟ್ಟದ್ದು ನನ್ನ ನಿವೃತ್ತಿಗೆ ಸ್ವಲ್ಪ ಮೊದಲು. ಚಿತ್ರಗಳ ವಯಸ್ಸನ್ನು ರಾಜನ ಗಡ್ಡ ಹೇಳುತ್ತದೆ. ಅಲ್ಲಿ ಅವನು ಮೀಸೆ ಚಿಗುರದ ಹುಡುಗ, ಇಲ್ಲಿ ನರೆತ ಮುದುಕ.

ನನ್ನ ಪುಸ್ತಕ ಹೇಳುವುದಿಷ್ಟು: ಪ್ರಾಯದಲ್ಲಿ ಅವನ ಕೊಕ್ಕರೆಗಳು ಶಂಖದಂತೆ ಬಿಳಿ, ಚಳಿ ಹುಟ್ಟಿಸುವ ಬಿಳಿ. ಮುಪ್ಪಿನಲ್ಲಿ ಅವನು ಆ ಬಿಳಿಗೆ ಒಂದು ಹನಿ ಹಳದಿ ಬೆರೆಸಲು ಶುರುಮಾಡಿದ. ಕೊಕ್ಕರೆಗಳು ಬೆಣ್ಣೆಯ ಬಣ್ಣಕ್ಕೆ ತಿರುಗಿದವು. ಮನುಷ್ಯ ಮಾಗಿದ, ಅವನ ಬಣ್ಣ ಮಾಗಿತು. ಅದಕ್ಕೆ ನಾನಿಟ್ಟ ಹೆಸರು 'ಸಂಜೆಯ ಬಿಳುಪು'. ಪುಸ್ತಕದ ಹೆಸರೂ ಅದೇ.

ಪುಟ್ಟಿ ಕೇಳಿಸಿಕೊಂಡು, "ವಯಸ್ಸಾದ ಮೇಲೆ ಎಲ್ಲರೂ ಮಾಗ್ತಾರೆ ಅಂತೇನೂ ಇಲ್ಲ" ಎಂದು ಮತ್ತೆ ಪದಬಂಧಕ್ಕೆ ಬಗ್ಗಿದಳು.

ಸಂಪಾದಕ ಮಧ್ಯಾಹ್ನ ಫೋನು ಮಾಡಿದ. ಒಳ್ಳೆಯವನು, ಆದರೆ ಉಸಿರಾಡಿದಲ್ಲೆಲ್ಲ ಅಲ್ಪವಿರಾಮ ಹಾಕುತ್ತಾನೆ. ನಾನವನನ್ನು ಅಲ್ಪವಿರಾಮ ಎಂದೇ ಕರೆಯುವುದು, ಅವನಿಗೂ ಗೊತ್ತು. ಮುಂದಿನ ತಿಂಗಳ ಕೊನೆಗೆ ಮುದ್ರಣವಂತೆ. ಪ್ರಾಯದ ಕೊಕ್ಕರೆಗಳ ಫೋಟೋಗಳು ಈಗಲೂ ಹಳದಿ ಹೊಡೆಯುತ್ತಿವೆ ಎಂದೆ. ಎರಡು ಸಲ ಹೊಸದಾಗಿ ತೆಗೆಸಿ ಆಯಿತಲ್ಲ ಎಂದ. ಹಾಗಾದರೆ ಕ್ಯಾಮೆರಾ ಸರಿಯಿಲ್ಲ ಎಂದೆ.

ಜನವರಿ ೨೨

ಆಯಿತು. ನೋವಿಲ್ಲ. ಹಿಟ್ಟಿನ ಮುದ್ದೆಯಂಥ ಪಟ್ಟಿ. ಒಂದೇ ಕಣ್ಣಿನಲ್ಲಿ ಬರೆಯುತ್ತಿದ್ದೇನೆ, ಸಾಲು ಮೇಲೇರುತ್ತಿದೆ.

ಜನವರಿ ೨೩

ಪಟ್ಟಿ ತೆಗೆದರು. ಡಾಕ್ಟರ ಕೋಟು. ಗೋಡೆ. ಅಯ್ಯೋ, ಎಂಥ ಬಿಳಿ!

ಮನೆಗೆ ಬಂದು ಬಚ್ಚಲಿನ ತೊಟ್ಟಿಯ ಮುಂದೆ ನಿಂತೇಬಿಟ್ಟೆ. ನನ್ನ ಕೋಣೆಯ ಪರದೆ ಕೆನೆಬಣ್ಣದ್ದು ಎಂದುಕೊಂಡಿದ್ದೆ. ಅದು ಬಿಳಿ. ಪುಟ್ಟಿಯ ತಲೆಯೂ ಪೂರ್ತಿ ಬಿಳಿ. ಕೂದಲು ಯಾವಾಗ ಇಷ್ಟು ಬೆಳ್ಳಗಾಯಿತು ಎಂದು ಕೇಳಿದೆ. "ನೀನು ಕೊಕ್ಕರೆ ನೋಡೋದ್ರಲ್ಲಿ ಇದ್ದಾಗ" ಎಂದಳು. ನಕ್ಕೆವು. ನಗುವಾಗ ಕಣ್ಣು ಒತ್ತಬಾರದೆಂದು ಗದರಿಸಿದ್ದೂ ಅವಳೇ.

ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುವುದು ಎನ್ನುತ್ತಾರಲ್ಲ, ಹಾಗೆ ಕಾಯುತ್ತಾಳೆ. ವ್ಯತ್ಯಾಸವೆಂದರೆ ಬಿಡುವುದು ನನ್ನ ಕಣ್ಣಿಗೆ. ಗಡಿಯಾರ ನೋಡಿ ಬಂದು ನಿಲ್ಲುತ್ತಾಳೆ, ತರಗತಿಗೆ ಬಂದ ಮೇಷ್ಟರ ಹಾಗೆ. ಅವಳ ಬೆರಳು ಬೆಚ್ಚಗಿದೆ.

ಜನವರಿ ೨೫

ಮಕ್ಕಳಾಟ ಹಿಡಿದಿದೆ. ಎಡಗಣ್ಣು ಮುಚ್ಚಿದರೆ ಒಂದು ಲೋಕ, ಬಲಗಣ್ಣು ಮುಚ್ಚಿದರೆ ಇನ್ನೊಂದು. ಬಲಗಣ್ಣಿಗೆ ಹಾಲು ಹಾಲಿನಂತಿದೆ. ಎಡಗಣ್ಣಿಗೆ ಅದೇ ಹಾಲು ಚಹಾದ ಒಂದು ತೊಟ್ಟು ಬಿದ್ದಂತೆ. ಕಿಟಕಿ, ಕಾಗದ, ಎದುರುಮನೆಯ ಬಟ್ಟೆಹಗ್ಗ, ಎಲ್ಲದರ ಮೇಲೂ ಪ್ರಯೋಗ ಮಾಡಿದೆ. ಪುಟ್ಟಿಯನ್ನೂ ಹಾಗೆ ನೋಡಿದೆ. "ಕಣ್ಣು ಹೊಡೀತಿದ್ದೀಯಾ ನಂಗೆ?" ಎಂದಳು.

ಜನವರಿ ೨೬

ಒಂದು ವಿಷಯ ಹೊಳೆದಿದೆ. ಬರೆಯುವುದಿಲ್ಲ.

ಜನವರಿ ೨೯

ಬರೆಯದಿದ್ದರೆ ಅದು ಹೋಗುತ್ತದೆಯೇ?

ಪ್ರಾಯದ ಕೊಕ್ಕರೆಗಳನ್ನು ನಾನು ನೋಡಿದ್ದು ನನ್ನ ಪ್ರಾಯದ ಕಣ್ಣಿನಿಂದ. ಮುಪ್ಪಿನ ಕೊಕ್ಕರೆಗಳನ್ನು ನೋಡಿದ್ದು ಈ ಕಳೆದ ವರ್ಷಗಳಲ್ಲಿ, ಒಳಗೊಳಗೇ ಹಳದಿಯಾಗುತ್ತಿದ್ದ ಕಣ್ಣಿನಿಂದ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದವಳಲ್ಲ. ಇನ್ನೊಮ್ಮೆ ಆ ಊರಿಗೆ ಹೋಗಿಬರುವುದು ಬೇಡವೆಂದು, ಹಿಂದೆ ನಾನೇ ಬರೆದ ಲೇಖನವನ್ನು ನಂಬಿದೆ. ಫೋಟೋಗಳು ಹಳದಿ ಹೊಡೆದಾಗ ಕ್ಯಾಮೆರಾವನ್ನು ಬೈದೆ.

ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ. ಹಾಲು ಕುಡಿಯುವ ಮಗುವಿಗೂ ಗೊತ್ತಿರುವ ಗಾದೆ.

ಪುಟ್ಟಿ ಎರಡು ಸಲ ಏನಾಯಿತು ಎಂದು ಕೇಳಿದಳು. ಕಣ್ಣು ಚುಚ್ಚುತ್ತಿದೆ ಎಂದೆ. ಹನಿ ಬಿಟ್ಟಳು.

ಫೆಬ್ರವರಿ ೧

ಡಾಕ್ಟರ ಬಳಿ ಹೋಗಿದ್ದೆ. ಎಲ್ಲ ಚೆನ್ನಾಗಿದೆಯಂತೆ. ಬಣ್ಣಗಳ ವಿಷಯ, ಬೇರೆ ಯಾರದೋ ಸಂದೇಹದ ಹಾಗೆ, ಕೇಳಿದೆ. ಹೊಸ ಮಸೂರ ಹಾಕಿದ ಮೇಲೆ ಕೆಲವು ದಿನ ಎಲ್ಲವೂ ಸ್ವಲ್ಪ ನೀಲಿಯಾಗಿ ಕಾಣುವುದುಂಟು, ಆಮೇಲೆ ಹೊಂದಿಕೊಳ್ಳುತ್ತದೆ ಎಂದರು. ನನಗೆ ಅಷ್ಟು ಸಾಕಾಯಿತು. ತಪ್ಪು ಹೊಸ ಕಣ್ಣಿನದೂ ಇರಬಹುದಲ್ಲ! ಹಗುರವಾಗಿ ಮನೆಗೆ ಬಂದೆ. ದಾರಿಯಲ್ಲಿ ಪುಟ್ಟಿಗೆ ಒಂದು ಬಿಳಿ ಶಾಲು ಕೊಡಿಸಿದೆ. ಇದ್ದದ್ದು ಕೆನೆಬಣ್ಣದ್ದು, ಬಿಳಿಯೇ ಬೇಕು ಎಂದು ಒಳಗಿನಿಂದ ತರಿಸಿದೆ. ಅಂಗಡಿಯವನಿಗೆ ಸುಸ್ತು.

ಅವಳ ಹತ್ತು ದಿನ ಮುಗಿದಿದೆ. ಎಡಗಣ್ಣು ಹೇಗೂ ಈ ತಿಂಗಳೇ ಇದೆ, ಹೋಗಿ ಮತ್ತೆ ಬರುವುದು ಸುಮ್ಮನೆ ಓಡಾಟ ಎಂದೆ. ಹೌದು ಎಂದಳು.

ಫೆಬ್ರವರಿ ೪

ಹಳೆಯ ಪತ್ರಿಕೆಗಳನ್ನು ಕಟ್ಟುವಾಗ ಪುಟ್ಟಿಯ ಪದಬಂಧಗಳನ್ನು ನೋಡಿದೆ. ಒಂದೂ ಪೂರ್ತಿಯಾಗಿಲ್ಲ. ಮೇಲಿನಿಂದ ಕೆಳಕ್ಕೆ ಹೋಗುವ ಪದಗಳೆಲ್ಲ ತುಂಬಿವೆ, ಎಡದಿಂದ ಬಲಕ್ಕೆ ಹೋಗುವವುಗಳ ಉಳಿದ ಮನೆಗಳು ಖಾಲಿಯೇ ಇವೆ. ಲೆಕ್ಕದ ಟೀಚರಿಗೆ ಪದಗಳು ಬರುವುದಿಲ್ಲವೇನೋ ಎಂದು ರೇಗಿಸಿದೆ.

"ಅಡ್ಡದ್ದು ಅವರದು" ಎಂದಳು. "ಬೆಳಿಗ್ಗೆ ಚಹಾ ಕುಡೀತಾ ಅವರು ಅಡ್ಡದ್ದು ಬರೆಯೋರು, ನಾನು ಕೆಳಗಿನದ್ದು. ಅವರು ತಪ್ಪು ಬರೆದ್ರೆ ನಂದೂ ಕೆಡ್ತಿತ್ತು. ಅದಕ್ಕೆ ಜಗಳ."

ಮದುವೆಯಾದಾಗಿನಿಂದಲೂ ಹಾಗೆಯೇ ನಡೆದಿತ್ತಂತೆ. ಅವಳ ಗಂಡನನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಎತ್ತರದ ಮನುಷ್ಯ, ಸದಾ ಜೇಬಿನಲ್ಲಿ ಪೆನ್ಸಿಲು. ಪೆನ್ಸಿಲು ಏಕೆಂದು ಕೇಳಿದ್ದಿಲ್ಲ.

ಅವರು ಹೋದ ಮೇಲೆ ಮನೆಯಲ್ಲಿ ಯಾವ ಕೋಣೆಗೆ ಹೋದರೂ ಇನ್ನೊಂದು ಕೋಣೆಯಲ್ಲಿ ಯಾರೋ ಇದ್ದಾರೆ ಎನ್ನಿಸುತ್ತದಂತೆ. ಇಲ್ಲಿ ಹಾಗಿಲ್ಲ ಎಂದಳು. "ಇಲ್ಲಿ ನಿಜವಾಗ್ಲೂ ನೀನಿರ್ತೀಯ."

ಫೆಬ್ರವರಿ ೭

ಸಂಗ್ರಹಾಲಯಕ್ಕೆ ಹೋದೆ. ಒಬ್ಬಳೇ ಟ್ಯಾಕ್ಸಿಯಲ್ಲಿ ಹೋಗಕೂಡದೆಂದು ಪುಟ್ಟಿಯೂ ಬಂದಳು. ಎಲ್ಲವನ್ನೂ ಬರೆದಿಡಬೇಕು.

ನನ್ನ ಜಾಗಕ್ಕೆ ಬಂದವನು ನನ್ನ ಶಿಷ್ಯನೇ. ಈಗ ಅವನೇ ಮುಖ್ಯಸ್ಥ, ವಿಶ್ವವಿದ್ಯಾಲಯದಲ್ಲಿ ಪಾಠವನ್ನೂ ಮಾಡುತ್ತಾನೆ. ಆದರೂ ನಾನು ನಿಂತಿರುವಾಗ ಕೂರುವುದಿಲ್ಲ. ಚಿತ್ರಗಳ ಉಗ್ರಾಣ ಮೊದಲಿನ ಹಾಗೇ ತಣ್ಣಗಿದೆ. ಬೂದು ಬಣ್ಣದ ಮೇಜು, ಉತ್ತರದ ಎತ್ತರದ ಕಿಟಕಿ, ಹಳೆಯ ಕಾಗದದ ವಾಸನೆ. ಕೈಗವಸು ಹಾಕಿಕೊಂಡು ಅವನು ಕೊನೆಯ ಚಿತ್ರವನ್ನು ತೆಗೆದು ಮೇಜಿನ ಮೇಲಿಟ್ಟ.

ಮುದಿ ರಾಜ ತಾರಸಿಯ ಮೇಲೆ ಒರಗಿ ಕೂತಿದ್ದಾನೆ. ಹಿಂದೆ ದಾಸಿಯೊಬ್ಬಳು ಚಾಮರ ಹಿಡಿದಿದ್ದಾಳೆ. ಕೆಳಗೆ ಹೊಳೆ, ಮರಳದಿಬ್ಬ, ಅಲ್ಲಿ ಕೊಕ್ಕರೆಗಳು. ಒಂದು ಆಗತಾನೆ ರೆಕ್ಕೆ ಬಿಚ್ಚಿದೆ.

ಎರಡೂ ಕಣ್ಣಿನಿಂದ ನೋಡಿದೆ. ಏನೂ ತೀರ್ಮಾನವಾಗಲಿಲ್ಲ. ಅಂಗೈಯಿಂದ ಬಲಗಣ್ಣು ಮುಚ್ಚಿದೆ. ನನ್ನ ಸಂಜೆಯ ಬಿಳುಪು ಅಲ್ಲೇ ಇತ್ತು, ನಾನು ಅಷ್ಟು ಪುಟ ಬರೆದ ಅದೇ ಬೆಚ್ಚನೆಯ ಬೆಣ್ಣೆ. ಅಂಗೈಯನ್ನು ಎಡಗಣ್ಣಿಗೆ ಬದಲಾಯಿಸಿದೆ. ಕೊಕ್ಕರೆಗಳು ಬಿಳಿ. ಶಂಖದ ಬಿಳಿ. ಮೂವತ್ತೈದರಲ್ಲಿ ಆ ಇನ್ನೊಂದು ಊರಿನಲ್ಲಿ ಕಂಡದ್ದೇ. ಮತ್ತೆ ಮತ್ತೆ ಕೈ ಬದಲಾಯಿಸಿದೆ. ಹೊಸ ಮಸೂರ ನೀಲಿ ತೋರಿಸುತ್ತದೆ ಎಂದು ಇನ್ನೊಮ್ಮೆ ಹೇಳಿಕೊಂಡೆ. ನೀಲಿ ಎಲ್ಲಿಯೂ ಇರಲಿಲ್ಲ.

ಶಿಷ್ಯನನ್ನು ಹತ್ತಿರ ಕರೆದೆ. ಕೊಕ್ಕರೆ ತೋರಿಸಿ, ಯಾವ ಬಣ್ಣ ಕಾಣುತ್ತದೆ, ನನ್ನ ಪುಸ್ತಕ ಮರೆತು ಹೇಳು ಎಂದೆ.

"ಬಿಳಿ, ಮೇಡಂ."

"ಯಾವಾಗಿನಿಂದ?"

ಅವನು ಕೈಗವಸಿನ ಬೆರಳನ್ನು ಎಳೆದುಕೊಳ್ಳುತ್ತ ನಿಂತ. ಆಮೇಲೆ ಹೇಳಿದ. "ಮೊದ್ಲಿಂದಾನೂ. ನೀವು ಹೇಳೋ ಹಳದಿ ನಂಗೆ ಯಾವತ್ತೂ ಕಂಡಿಲ್ಲ. ನನ್ನ ಕಣ್ಣು ಇನ್ನೂ ಪಳಗಿಲ್ಲ ಅಂದ್ಕೊಂಡೆ. ವಿದ್ಯಾರ್ಥಿಗಳಿಗೂ ನೀವು ಹೇಳಿದ ಹಾಗೇ ಹೇಳಿಕೊಡ್ತಿದ್ದೀನಿ."

"ಅವರಿಗೆ ಕಾಣುತ್ತಂತಾ?"

"ಕಾಣುತ್ತೆ ಅಂತಾರೆ."

ಕೂತುಕೊಂಡೆ. ಎಷ್ಟು ಹೊತ್ತು ಕೂತೆನೋ. ಪುಟ್ಟಿ ಬಾಗಿಲ ಬಳಿಯ ಸ್ಟೂಲಿನ ಮೇಲಿದ್ದಳು. ಬೇರೆ ದಿನವಾಗಿದ್ದರೆ ನನ್ನ ಬಕಧ್ಯಾನ ಎಂದು ನಗುತ್ತಿದ್ದಳು. ಕೊನೆಗೆ ಹತ್ತಿರ ಬಂದು ಚಿತ್ರ ನೋಡಿ, ಪಾಪ ಆ ಹುಡುಗಿಗೆ ಕೈ ನೋಯುತ್ತಿರಬೇಕು ಎಂದಳು. ದಾಸಿಯ ಚಾಮರದ ಕೈ ನಿಜಕ್ಕೂ ಸ್ವಲ್ಪ ಕೆಳಗಿಳಿದಿದೆ. ಆ ಕೈಯನ್ನು ನಾನು 'ಸಾಂಪ್ರದಾಯಿಕ ಭಂಗಿ' ಎಂದು ಬರೆದು ಮುಂದೆ ಹೋಗಿದ್ದೆ.

ಫೆಬ್ರವರಿ ೮

ಏನೂ ಮಾಡಲಿಲ್ಲ. ಪುಟ್ಟಿ ರೇಡಿಯೋ ಹಾಕಲಿಲ್ಲ. ಹಾಕು ಎಂದೆ.

ಫೆಬ್ರವರಿ ೧೦

ಊಟವಾದ ಮೇಲೆ ಪುಟ್ಟಿಗೆ ಪೂರ್ತಿ ಹೇಳಿದೆ. ಟೇಬಲ್ಲಿನ ಮೇಲೆ ಎರಡು ಲೋಟ ಇಟ್ಟು, ಇದು ಪ್ರಾಯದ ಕೊಕ್ಕರೆ, ಇದು ಮುಪ್ಪಿನದು ಎಂದು ತೋರಿಸಿ ವಿವರಿಸಿದೆ. ಅವಳು ಲೆಕ್ಕದವಳು, ಸಾಕ್ಷ್ಯದಲ್ಲಿ ಎಲ್ಲಿ ತೂತಿದೆ ಎಂದು ತಕ್ಷಣ ಹಿಡಿದಳು. ಆಮೇಲೆ ಕೇಳಿದಳು, ಸುಮ್ಮನಿದ್ದುಬಿಟ್ಟರೆ ಏನಾಗುತ್ತದೆ?

ಯೋಚಿಸಿ ನೋಡಿದೆ. ಏನೂ ಆಗುವುದಿಲ್ಲ. ಪುಸ್ತಕ ಬರುತ್ತದೆ, ಹೊಗಳುತ್ತಾರೆ. ಶಿಷ್ಯ ಬಾಯಿ ಬಿಡುವವನಲ್ಲ. ಓದಿದವರು ಚಿತ್ರದ ಮುಂದೆ ನಿಂತು ಬಿಳಿಯನ್ನು ನೋಡಿ ಹಳದಿ ಎನ್ನುತ್ತಾರೆ. ಹಳದಿ ಕಾಣದವರು ತಮ್ಮ ಕಣ್ಣನ್ನೇ ಅನುಮಾನಿಸುತ್ತಾರೆ. ಇವನು ಹೇಗೆ ಇಷ್ಟು ವರ್ಷ ಅನುಮಾನಿಸಿದನೋ ಹಾಗೆ.

ಇದನ್ನು ಹೇಳುತ್ತ ಹೇಳುತ್ತಲೇ ತೀರ್ಮಾನವಾಗಿಬಿಟ್ಟಿತು. ನೋಡುವುದನ್ನು ಕಲಿಸುವುದೇ ನನ್ನ ಕೆಲಸವಾಗಿತ್ತು. ಜನರಿಗೆ ಅವರ ಕಣ್ಣಿನ ಮೇಲಿನ ನಂಬಿಕೆ ಕೆಡಿಸುವ ಪುಸ್ತಕ ಬರೆದರೆ ಹೇಗೆ?

"ಅವನು ಮಾಗಿದ್ದ ಅನ್ನೋದು ನಿಂಗೆ ಯಾಕೆ ಅಷ್ಟೊಂದು ಬೇಕಾಗಿತ್ತು?" ಎಂದು ಪುಟ್ಟಿ ಕೇಳಿದಳು.

ಉತ್ತರಕ್ಕೆ ಕಾಯದೆ ಲೋಟಗಳನ್ನು ಎತ್ತಿಕೊಂಡು ಹೋಗಿ ಬೋರಲು ಹಾಕಿದಳು.

ಫೆಬ್ರವರಿ ೧೨

ಅಲ್ಪವಿರಾಮನನ್ನು ಮನೆಗೇ ಕರೆಸಿ ಹೇಳಿದೆ. ಇಂಥದನ್ನು ಫೋನಿನಲ್ಲಿ ಹೇಳಬಾರದು. ಅವನು ಮಧ್ಯೆ ಒಂದೂ ವಿರಾಮ ಹಾಕದೆ ಕೇಳಿದ. ಐದನೆಯ ಅಧ್ಯಾಯ ತೆಗೆದರೆ ಪುಸ್ತಕಕ್ಕೆ ಬೆನ್ನುಮೂಳೆಯೇ ಇರುವುದಿಲ್ಲ ಎಂದ. ಇಲ್ಲದ ಮೂಳೆಯನ್ನು ಇದೆ ಎಂದುಕೊಂಡು ಎಷ್ಟು ದಿನ ನಿಲ್ಲಲಿ ಎಂದೆ. ಜಾಹೀರಾತು ಹೋಗಿದೆ, ಬಿಡುಗಡೆಗೆ ಸಭಾಂಗಣ ಗೊತ್ತಾಗಿದೆ. ಅವನ ಮುಖ ನೋಡಿ ಬೇಸರವಾಯಿತು. ಅವನ ನಾಲ್ಕು ವರ್ಷದ ಕೆಲಸವೂ ಇದರಲ್ಲಿದೆ, ಅದು ನನಗೆ ಹೊಳೆದದ್ದು ಅವನ ಮುಖ ನೋಡಿದ ಮೇಲೆ.

ಹೊರಡುವಾಗ ಬಾಗಿಲಲ್ಲಿ ತಿರುಗಿ, "ಹೆಸರು ಏನಿಡೋಣ ಹಾಗಾದ್ರೆ?" ಎಂದ. ಅಂದರೆ ಪುಸ್ತಕವನ್ನು ಬಿಟ್ಟಿಲ್ಲ. ಸುಮ್ಮನೆ 'ಕೊಕ್ಕರೆಯವನು' ಎಂದಿಡು ಎಂದೆ. ಜಗಳ ನಿರೀಕ್ಷಿಸಿದ್ದೆ, ಆಗಲಿಲ್ಲ. ಪುಟ್ಟಿ ಅವನನ್ನು ಮೆಟ್ಟಿಲ ತನಕ ಕಳಿಸಿಬಂದಳು. ಏನು ಹೇಳಿದಳೋ, ಕೆಳಗಿನಿಂದ ಇಬ್ಬರ ನಗು ಕೇಳಿತು.

ಫೆಬ್ರವರಿ ೨೫

ಎಡಗಣ್ಣೂ ಆಯಿತು. ಪಟ್ಟಿ ತೆಗೆಯುವ ಮೊದಲು ಅಳುಕಿತ್ತು. ಇನ್ನು ಕೈ ಬದಲಾಯಿಸಿ ನೋಡುವ ಆಟವಿಲ್ಲ. ಆ ಬೆಣ್ಣೆಯ ಬಣ್ಣ ಲೋಕದಲ್ಲಿ ಬೇರೆಲ್ಲೂ ಇರಲಿಲ್ಲ, ನನ್ನ ಎಡಗಣ್ಣೊಂದರಲ್ಲಿ ಉಳಿದಿತ್ತು. ಈಗ ಅಲ್ಲಿಯೂ ಇಲ್ಲ. ಡಾಕ್ಟರು ಹೇಗಿದೆ ಎಂದು ಕೇಳಿದರು. ಬೆಳಕಾಗಿದೆ ಎಂದೆ.

ಮಾರ್ಚ್ ೬

ಶಿಷ್ಯನಿಗೆ ಹೇಳಿ ಚಿತ್ರಗಳನ್ನೆಲ್ಲ ಮತ್ತೆ ಹೊರಗೆ ತೆಗೆಸಿ, ಆ ಇನ್ನೊಂದು ಊರಿನ ಪ್ರಾಯದ ಚಿತ್ರಗಳ ಹೊಸ ಫೋಟೋಗಳನ್ನು ಪಕ್ಕದಲ್ಲಿಟ್ಟೆ. ಮೂರು ದಿನದಿಂದ ಅಲ್ಲಿಯೇ. ನಿನ್ನೆಯಿಂದ ಅವನೂ ನನ್ನ ಪಕ್ಕದಲ್ಲಿ ಕೂರುತ್ತಾನೆ. ಕಂಡದ್ದನ್ನು ಮೊದಲು ಅವನು ಹೇಳಬೇಕು, ಆಮೇಲೆ ನಾನು. ಎರಡು ಸಲ ನನ್ನನ್ನು ತಿದ್ದಿದ. ಮೊದಲ ಸಲ ಕಿವಿ ಕೆಂಪಾಯಿತು ಅವನಿಗೆ, ಎರಡನೆಯ ಸಲ ಆಗಲಿಲ್ಲ.

ಬಿಳಿಯನ್ನು ಬಿಟ್ಟು ನೋಡಿದರೆ ಬೇರೆಯದೇ ಕಾಣುತ್ತದೆ. ಪ್ರಾಯದಲ್ಲಿ ಕೊಕ್ಕರೆಯವನು ರೆಕ್ಕೆಯ ಒಂದೊಂದು ಗರಿಯನ್ನೂ ಒಂದೇ ಉಸಿರಿನಲ್ಲಿ ಎಳೆದಿದ್ದಾನೆ. ಮುಪ್ಪಿನಲ್ಲಿ ಕೈ ನಡುಗಿದೆ. ಕೊಕ್ಕರೆಯ ಕಾಲಿನ ಗೆರೆ ಅರ್ಧಕ್ಕೆ ನಿಂತು, ಕುಂಚ ಮೇಲೆದ್ದು, ಮತ್ತೆ ಕೂಡಿಕೊಂಡಿದೆ. ಭೂತಗನ್ನಡಿಯಲ್ಲಿ ಆ ಸಣ್ಣ ಗಂಟು ಸ್ಪಷ್ಟ. ಕಡೆಯ ಎರಡು ಚಿತ್ರಗಳಲ್ಲಿ ಗರಿಗಳೇ ಇಲ್ಲ. ಒಂದೇ ಬಳಿತದಲ್ಲಿ ಮೈಯಿದೆ, ಅಷ್ಟೇ. ಆದರೆ ಬಿಳಿ ಮಾತ್ರ ಅದೇ ಬಿಳಿ. ಆ ವಯಸ್ಸಿನಲ್ಲಿ ಅವನಿಗೂ ಪೊರೆ ಬಂದಿರಬೇಕು, ಅವನಿಗೆ ಯಾವ ಡಾಕ್ಟರಿದ್ದರು? ತನ್ನ ಕಣ್ಣಿಗೆ ಹೇಗೆ ಕಂಡಿತೋ, ಕೈ ಮಾತ್ರ ಕಲಿತಿದ್ದ ಹದದಲ್ಲೇ ಬಣ್ಣ ಅರೆದಿದೆ. ಆಗದ್ದನ್ನು ಬಿಟ್ಟ. ಆಗುವುದನ್ನು ಮೊದಲಿನಷ್ಟೇ ಶುದ್ಧವಾಗಿ ಮಾಡಿದ.

ಇದೇ ಹೊಸ ಐದನೆಯ ಅಧ್ಯಾಯ. ಮೊದಲಿಗೆ ನಾನು ಹೇಗೆ ತಪ್ಪು ಕಂಡೆ ಎಂಬ ಎರಡು ಪುಟ, ಅದರಲ್ಲಿ ಮೊದಲಿನಿಂದಲೂ ಸರಿಯಾಗಿ ಕಂಡವನ ಹೆಸರು. ಚಾಮರದ ಕೈಯ ಬಗ್ಗೆಯೂ ಒಂದು ಪ್ಯಾರಾ ಬಂತು. ಎಲ್ಲಿಂದ ಬಂತೋ, ಬಂದದ್ದು ಇರಲಿ.

ಮಾರ್ಚ್ ೧೪

ಹನಿ ನಿಂತಿತು. ಪುಟ್ಟಿ ಚೀಲ ತುಂಬಿಕೊಂಡಳು. ಎರಡು ಚೀಲ, ರೇಡಿಯೋ, ದಿಂಬು, ಎಲ್ಲವನ್ನೂ ಅವಳೊಬ್ಬಳೇ ಹೇಗೆ ಒಯ್ಯುತ್ತಾಳೆ? ನಾನೂ ಹೋದೆ. ತಿಂಗಳುಗಟ್ಟಲೆ ಮುಚ್ಚಿದ ಮನೆ, ಕಿಟಕಿ ತೆಗೆದು ಗಾಳಿಯಾಡಿಸಲು ಎರಡು ಕೈ ಹೆಚ್ಚಿದ್ದರೆ ಒಳ್ಳೆಯದು. ಕಸ ಹೊಡೆಯುವಷ್ಟರಲ್ಲಿ ಸಂಜೆಯಾಯಿತು. ಬೆಳಿಗ್ಗೆ ಹೊರಡುತ್ತೇನೆ.

ಮಾರ್ಚ್ ೧೬

ಅಡುಗೆಮನೆಯ ನಲ್ಲಿ ಸೋರುತ್ತಿತ್ತು. ನಲ್ಲಿಯವನು ನಿನ್ನೆ ಬರುತ್ತೇನೆಂದು ಇಂದು ಬಂದ. ಅವನು ಕೆಲಸ ಮುಗಿಸುವ ತನಕ ಇದ್ದೆ. ಪುಟ್ಟಿ ಒಬ್ಬಳೇ ಇದ್ದರೆ ಇಂಥವರು ಇನ್ನೂ ನಾಲ್ಕು ದಿನ ಆಡಿಸುತ್ತಾರೆ.

ಮಾರ್ಚ್ ೧೯

ಅಧ್ಯಾಯದ ಕರಡು ತರಿಸಿಕೊಂಡೆ, ಶಿಷ್ಯ ತಂದುಕೊಟ್ಟ. ಕಿಟಕಿಯ ಬಳಿ ಒಂದು ಮೇಜಿದೆ, ಎದುರಿಗೆ ಕೈಯಿರುವ ಮರದ ಕುರ್ಚಿ. ಬೆಳಕು ಎಡದಿಂದ ಬೀಳುತ್ತದೆ, ಬರೆಯಲು ನನ್ನ ಮನೆಗಿಂತ ಅನುಕೂಲ. ಕೂತ ಮೇಲೆ ಮೇಜಿನ ಡಬ್ಬಿಯ ತುಂಬ ಗಿಡ್ಡ ಪೆನ್ಸಿಲುಗಳು ಕಂಡವು. ಎದ್ದೇಳಬೇಕೇ ಎಂದುಕೊಂಡೆ. ಪುಟ್ಟಿ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿದಳು. ಆಮೇಲೆ ಬಂದು ದೀಪವನ್ನು ನನ್ನ ಕಡೆಗೆ ಸರಿಸಿಕೊಟ್ಟು ಹೋದಳು.

ಮಾರ್ಚ್ ೨೦

ಬೆಳಿಗ್ಗೆ ಪತ್ರಿಕೆ ಮಡಚಿ ನನ್ನ ಮುಂದಿಟ್ಟಳು. ಕೆಳಗಿನವು ತುಂಬಿದ್ದವು. ಪೆನ್ಸಿಲು ತೆಗೆದುಕೊಂಡೆ. ಒಂದು ತಪ್ಪಾಯಿತು, ಅವಳದೂ ಕೆಟ್ಟಿತು. ಚಹಾ ಆರುವವರೆಗೆ ಜಗಳ.

ಮಾರ್ಚ್ ೨೬

ಅಧ್ಯಾಯ ಮುಗಿಯಿತು. ಮೊದಲಿನದರ ಅರ್ಧದಷ್ಟಿದೆ. ಓದಿ ಹೇಳಿದೆ. ದಾಸಿಯ ಕೈ ಬಂದಲ್ಲಿ ಪುಟ್ಟಿ ತಲೆಯಾಡಿಸಿದಳು.

ಸಂಜೆ ಅಲ್ಪವಿರಾಮ ಫೋನು ಮಾಡಿದ. ಹೊಸ ಪ್ರೂಫು ಬರುವ ವಾರ ಸಿದ್ಧವಾಗುತ್ತದೆ, ಮಾಮೂಲಿ ವಿಳಾಸಕ್ಕೇ ಕಳಿಸಲೇ ಎಂದು ಕೇಳಿದ. ಅಲ್ಲಿ ಯಾರೂ ಇಲ್ಲ, ಇಲ್ಲಿಗೇ ಕಳಿಸು ಎಂದು ಬೀದಿಯ ಹೆಸರು ಹೇಳಿದೆ. ಮನೆಯ ಸಂಖ್ಯೆ ಕೇಳಿದ. ಗೊತ್ತಿರಲಿಲ್ಲ. ಅವನನ್ನು ಕಾಯಿಸಿ, ಹಿತ್ತಲ ಬಾಗಿಲಿಗೆ ಹೋಗಿ, ಪುಟ್ಟಿಯನ್ನು ಕೂಗಿ ಕೇಳಿದೆ.

ಹಿತ್ತಲಿನಿಂದಲೇ ಕೂಗಿ ಹೇಳಿದಳು. ಆಮೇಲೆ ಒದ್ದೆ ಕೈಯಲ್ಲೇ ಒಳಗೆ ಬಂದು, "ಬರ್ಕೊಂಡ್ಯಾ?" ಎಂದಳು.

ಬರೆದುಕೊಂಡೆ.